ಹಿಮದ ಹಡಗಿನ ವೈದ್ಯ, ಸೊರಬದ ಮಂಗಳವಾರ

ಶಿಕಾರಿಪುರದಿಂದ ಶಿವಮೊಗ್ಗದ ಆಸ್ಪತ್ರೆಗಳಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ಸೊರಬದವರಿಗೆ ಇನ್ನೂ ದೂರ. ಕಾಲು ಮುರಿದರೆ ಈ ದೂರ ಯಾರಿಗೂ ದೊಡ್ಡದಲ್ಲ, ಪಕ್ಕದ ಮನೆಯವರ ಓಮ್ನಿ ಅರ್ಧ ರಾತ್ರಿಯಲ್ಲೂ ಹೊರಡುತ್ತದೆ. ಮಗ ವಾರಗಟ್ಟಲೆ ನಿದ್ದೆ ಮಾಡಿಲ್ಲ, ಒಬ್ಬನೇ ಮಾತಾಡಿಕೊಳ್ಳುತ್ತಾನೆ ಎಂದಾಗ ಮಾತ್ರ ಅದೇ ರಸ್ತೆ ಉದ್ದವಾಗಿಬಿಡುತ್ತದೆ. ಗಾಳಿ ಸೋಕಿರಬೇಕೆಂದು ಮೊದಲು ತಾಯತ, ಆಮೇಲೆ ಹರಕೆ, ಅದೂ ಆದ ಮೇಲೆ 'ಒಂದು ಮದುವೆ ಮಾಡಿ, ಸರಿಹೋಗ್ತಾನೆ' ಎಂಬ ಹಿರಿಯರ ಸಲಹೆ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಹೊಲದಲ್ಲಿ ಶುಂಠಿಯ ಒಂದು ಬೆಳೆ ಬಂದು ಹೋಗಿರುತ್ತದೆ.

ದೂರಕ್ಕೂ ಮನಸ್ಸಿಗೂ ಇರುವ ನಂಟನ್ನು ನಿಚ್ಚಳವಾಗಿ ಕಂಡವರು ಧ್ರುವಪ್ರದೇಶಕ್ಕೆ ಹೋದವರು. ಅಲ್ಲಿ ಹೋಗೋಣವೆಂದರೆ ಶಿವಮೊಗ್ಗವೇ ಇಲ್ಲ.

1898ರಲ್ಲಿ 'ಬೆಲ್ಜಿಕಾ' ಎಂಬ ಹಡಗು ಅಂಟಾರ್ಕ್ಟಿಕದ ಬಳಿ ಹಿಮದಲ್ಲಿ ಸಿಕ್ಕಿಹಾಕಿಕೊಂಡಿತು. ಮೇ ತಿಂಗಳಲ್ಲಿ ಮುಳುಗಿದ ಸೂರ್ಯ ಮತ್ತೆ ಕಂಡದ್ದು ಜುಲೈನಲ್ಲಿ. ಜೂನ್‌ನಲ್ಲಿ ಎಮಿಲ್ ಡಾಂಕೊ ಎಂಬ ವಿಜ್ಞಾನಿ ತೀರಿಕೊಂಡ. ಉಳಿದವರ ಮುಖ ಬಾತುಕೊಂಡಿತು, ಎದೆಬಡಿತ ತಪ್ಪಿತು, ಮಾತು ನಿಂತಿತು. ಟೊಲೆಫ್ಸೆನ್ ಎಂಬ ನಾವಿಕನಿಗೆ ಜೊತೆಯವರೆಲ್ಲ ತನ್ನನ್ನು ಕೊಲ್ಲಲು ಹೊಂಚುಹಾಕಿದ್ದಾರೆಂಬ ಭ್ರಮೆ ಹಿಡಿಯಿತು. ಹಡಗಿನ ವೈದ್ಯ ಅಮೆರಿಕದ ಫ್ರೆಡರಿಕ್ ಕುಕ್ ಮನೋವೈದ್ಯನೇನಲ್ಲ. ಆದರೆ 1891–92ರಲ್ಲಿ ಗ್ರೀನ್‌ಲ್ಯಾಂಡಿನಲ್ಲಿದ್ದಾಗ ಅಲ್ಲಿನ ಇನ್ಯುಯಿಟ್ ಜನ ಕತ್ತಲೆಯ ತಿಂಗಳುಗಳನ್ನು ಹೇಗೆ ಕಳೆಯುತ್ತಾರೆಂದು ಗಮನಿಸಿದ್ದ. ಮಂಕಾದವರನ್ನು ಬಟ್ಟೆ ಬಿಚ್ಚಿಸಿ ಉರಿಯುವ ಒಲೆಯ ಮುಂದೆ ಗಂಟೆಗಟ್ಟಲೆ ಕೂರಿಸಿದ. ಡಬ್ಬಿ ಊಟ ಬಿಡಿಸಿ ಪೆಂಗ್ವಿನ್, ಸೀಲ್‌ಗಳ ತಾಜಾ ಮಾಂಸ ತಿನ್ನಿಸಿದ. ಹಡಗಿನ ಮುಖ್ಯಸ್ಥ ಜೆರ್ಲಾಶ್‌ಗೆ ಆ ಮಾಂಸ ಕಂಡರೇ ಆಗದು. ಕೊನೆಗೆ ಅವನೂ ತಿಂದ. ಅರ್ಧ ಕಾಯಿಲೆ ತಾಜಾ ಆಹಾರವಿಲ್ಲದೆ ಬರುವ ಸ್ಕರ್ವಿಯದು, ತಾಜಾ ಮಾಂಸಕ್ಕೆ ಅದು ಜಗ್ಗಿತು. ಇನ್ನರ್ಧಕ್ಕೆ ಬೆಂಕಿಯ ಬೆಳಕು ಎಷ್ಟು ನೆರವಾಯಿತೋ, ದಿನವೂ ಒಬ್ಬ ಮನುಷ್ಯ ಹತ್ತಿರ ಬಂದು ವಿಚಾರಿಸುತ್ತಿದ್ದದ್ದೂ ಅಷ್ಟೇ ಆಗಿರಬೇಕೆಂದು ನನ್ನ ಊಹೆ.

ಕುಕ್‌ನ ಮುಂದಿನ ಬದುಕು ಮಾತ್ರ ಮರ್ಯಾದೆಯದಲ್ಲ. 1908ರಲ್ಲಿ ಉತ್ತರ ಧ್ರುವ ತಲುಪಿದೆನೆಂದ, ಮೊದಲು ಹಲವರು ನಂಬಿದರೂ ಆಮೇಲೆ ಆ ಮಾತು ನಿಲ್ಲಲಿಲ್ಲ. ಎಣ್ಣೆ ಕಂಪನಿಯ ಷೇರು ವಂಚನೆಯಲ್ಲಿ ಜೈಲಿಗೂ ಹೋದ. ಬೆಲ್ಜಿಕಾದಲ್ಲಿ ಜೊತೆಗಿದ್ದ, ಮುಂದೆ ದಕ್ಷಿಣ ಧ್ರುವ ಗೆದ್ದ ಅಮುಂಡ್ಸೆನ್ ಆ ಜೈಲಿಗೇ ಹೋಗಿ ಅವನನ್ನು ಕಂಡು ಬಂದ.

ಈಗ ಹಿಮಖಂಡಕ್ಕೆ ಹಾಗೆ ಕಣ್ಣುಮುಚ್ಚಿ ಯಾರನ್ನೂ ಕಳಿಸುವುದಿಲ್ಲ. ಭಾರತದ ಸಂಶೋಧನಾ ನೆಲೆಗಳಾದ 'ಮೈತ್ರಿ' 1989ರಿಂದ, 'ಭಾರತಿ' 2012ರಿಂದ ಅಲ್ಲಿವೆ. ಚಳಿಗಾಲ ಕಳೆಯಲು ಹೊರಟವರ ಮೈಯನ್ನಷ್ಟೇ ಅಲ್ಲ, ಮನಸ್ಸನ್ನೂ ಮೊದಲೇ ಪರೀಕ್ಷಿಸುತ್ತಾರೆ. ಇಸ್ರೋದ ಮಂಗಳಾ ಮಣಿ 56ರ ವಯಸ್ಸಿನಲ್ಲಿ, 23 ಜನರ ತಂಡದ ಒಬ್ಬಳೇ ಹೆಣ್ಣಾಗಿ, ಭಾರತಿಯಲ್ಲಿ 403 ದಿನ ಇದ್ದು ಬಂದದ್ದು ಇಂಥ ಪರೀಕ್ಷೆಗಳನ್ನು ದಾಟಿಯೇ. ಚಳಿಗಾಲದ ತಂಡದ ಜೊತೆ ವೈದ್ಯರು ಉಳಿಯುತ್ತಾರೆ. ಅವರು ಮನೋವೈದ್ಯರೇ ಆಗಿರಬೇಕೆಂದಿಲ್ಲ, ಆದರೆ ಕೂಗಳತೆಯಲ್ಲಿ ಇರುತ್ತಾರೆ.

ಈ ಕೂಗಳತೆಯ ಲೆಕ್ಕವನ್ನು ಕರ್ನಾಟಕ ಬಲು ಹಿಂದೆಯೇ ಹಾಕಿತ್ತು. 1985ರಲ್ಲಿ ಬೆಂಗಳೂರಿನ ಮನೋವೈದ್ಯಕೀಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗ ಗುರುತಿಸಿ ಮಾತ್ರೆ ಕೊಡಲು ಕಲಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಶಿವಮೊಗ್ಗ ಜಿಲ್ಲೆಯಲ್ಲೇ, ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ನಿಮ್ಹಾನ್ಸ್‌ನ ಜಗದೀಶ ತೀರ್ಥಹಳ್ಳಿ, ಬಿ.ಎನ್. ಗಂಗಾಧರ್ ಮೊದಲಾದವರು 2005ರ ಸುಮಾರಿನಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಹಳ್ಳಿಯಲ್ಲಿ ಹುಡುಕಿಸಿ ಚಿಕಿತ್ಸೆಗೆ ತಂದರು. ಔಷಧಿ ಪಡೆಯುತ್ತಿರುವವರು ಮನೆಗೆಲಸ, ದುಡಿಮೆ, ನೆಂಟರಿಷ್ಟರ ಒಡನಾಟಕ್ಕೆ ಮರಳುವುದು ಔಷಧಿಯಿಲ್ಲದವರಿಗಿಂತ ಎಷ್ಟೋ ಹೆಚ್ಚು ಎಂದು ಅಲ್ಲಿ ಕಂಡುಬಂತು.

ಹೀಗೆ ಹುಡುಕಿದರೂ ಬಾಗಿಲು ತೆರೆಯಬೇಕಲ್ಲ, ಜನರ ಸಂಕೋಚ ಹೋಗಬೇಕಿತ್ತು. ಆ ಕೆಲಸದಲ್ಲಿ ಶಿವಮೊಗ್ಗದ ಡಾ. ಅಶೋಕ ಪೈ ಅವರ ಪಾಲು ದೊಡ್ಡದು. 'ಮಾನಸ' ಆಸ್ಪತ್ರೆ ಕಟ್ಟಿದ್ದಲ್ಲದೆ ಬರೆದರು, ಭಾಷಣ ಮಾಡಿದರು, ಅದೂ ಸಾಲದೆಂದು ಸಿನಿಮಾಕ್ಕೂ ಕೈಹಾಕಿದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ 'ಕಾಡಿನ ಬೆಂಕಿ' ನೋಡಲು ಟಿಕೆಟ್ ಕೊಂಡು ಹೋದವರು ಮನಸ್ಸಿನ ಕಾಯಿಲೆಯ ಕತೆ ನೋಡಿ ಬಂದರು. ಪೈ 2016ರಲ್ಲಿ ತೀರಿಕೊಂಡರು.

ತಾಲ್ಲೂಕು ಆಸ್ಪತ್ರೆಗಳಿಗೇ ಮಂಗಳವಾರ ಮನೋವೈದ್ಯರನ್ನು ಕಳಿಸುವ 'ಮನೋಚೈತನ್ಯ' ಕಾರ್ಯಕ್ರಮವನ್ನು ಸರ್ಕಾರ 2014ರಲ್ಲಿ ಆರಂಭಿಸಿತು. ಆನವಟ್ಟಿ ಕಡೆಯವರಿಗೆ ಸೊರಬ, ಶಿರಾಳಕೊಪ್ಪದವರಿಗೆ ಶಿಕಾರಿಪುರ ಒಂದೇ ಬಸ್ಸಿನ ದಾರಿ. ಮಾತ್ರೆ ಚೀಟಿ, ಆಧಾರ್ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮಗನ ಮುಂಗೈ ಹಿಡಿದುಕೊಂಡು ಬರುವ ತಾಯಂದಿರಿಗೆ ಶಿವಮೊಗ್ಗಕ್ಕೆ ಹೋಗಿಬರುವ ದಿನದ ಕೂಲಿ ನಷ್ಟ ತಪ್ಪುತ್ತದೆ. ಆದರೆ ಮಂಗಳವಾರ ಬಿಟ್ಟು ಉಳಿದ ದಿನ? 2022ರ ಅಕ್ಟೋಬರ್‌ನಿಂದ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿನಲ್ಲಾದರೂ, ದುಡ್ಡಿಲ್ಲದೆ. ಒಳ್ಳೆಯದೇ. ಆದರೂ ರೋಗಿ ಮಾತ್ರೆ ನಿಲ್ಲಿಸುವುದು ಬಹಳ ಸಲ ಹುಷಾರಾದ ಮೇಲೆಯೇ, 'ಈಗೇನೂ ಇಲ್ವಲ್ಲ' ಎಂದು. ಆ ಮನೆ ಬಾಗಿಲಿಗೆ ಹೋಗಿ ಕೇಳಬೇಕಾದ ಆಶಾ ಕಾರ್ಯಕರ್ತೆಯ ಕೈಯಲ್ಲಿ ಬಸುರಿ, ಬಾಣಂತಿ, ಲಸಿಕೆ, ಡೆಂಗಿ ಸಮೀಕ್ಷೆ ಈಗಾಗಲೇ ಇವೆ. ಮನಸ್ಸಿನ ಕೆಲಸಕ್ಕೆ ಬೇರೆ ಸಂಭಾವನೆ ಕೊಡದೆ ಅದನ್ನೂ ಅವಳ ಪಟ್ಟಿಗೆ ಸೇರಿಸುವುದು ನ್ಯಾಯವಲ್ಲ.