ಕಡೆಯ ಶುಕ್ರವಾರದ ಕಾಫಿ

ಅಮೆರಿಕದ ವಾಯವ್ಯ ಭಾಗದ ಆರೆಗಾನ್ ಸಂಸ್ಥಾನದಲ್ಲಿರುವ ಪೋರ್ಟ್‌ಲೆಂಡ್ ನಗರವನ್ನು ವಿಲಾಮೆಟ್ ಎಂಬ ನದಿಯು ಪೂರ್ವ ಪಶ್ಚಿಮಗಳೆಂದು ಇಬ್ಭಾಗಮಾಡಿ ಹರಿಯುತ್ತದೆ. ಜನವಸತಿಯ ಬಹುಭಾಗ ಪೂರ್ವದ ದಡದಲ್ಲಿಯೂ ಕಚೇರಿ ವ್ಯಾಪಾರಗಳ ಕೇಂದ್ರ ಪಶ್ಚಿಮದ ದಡದಲ್ಲಿಯೂ ಇರುವುದರಿಂದ, ಬೆಳಗಾಯಿತೆಂದರೆ ದುಡಿಯುವ ಜನ ಯಾವುದಾದರೊಂದು ಸೇತುವೆಯನ್ನು ದಾಟದೆ ವಿಧಿಯಿಲ್ಲ. ಆ ಸೇತುವೆಗಳಲ್ಲಿ 1910ರಷ್ಟು ಹಳೆಯದಾದ ಹಾಥಾರ್ನ್ ಸೇತುವೆಯ ಕಾಲುದಾರಿಯ ಮೇಲೆ, ತಿಂಗಳ ಕಡೆಯ ಶುಕ್ರವಾರ ಬೆಳಗ್ಗೆ 7 ಗಂಟೆಯಿಂದ 9ರವರೆಗೆ, ಒಂದು ಸಣ್ಣ ಮೇಜು, ಕಾಫಿಯ ದೊಡ್ಡ ಪಾತ್ರೆ, ತಿಂಡಿಯ ಪೆಟ್ಟಿಗೆ ಇವು ಕಾಣಿಸಿಕೊಳ್ಳುವುದು ಬಹು ವರ್ಷಗಳಿಂದ ನಡೆದುಬಂದ ವಾಡಿಕೆ. ಕೆಲಸಕ್ಕೆ ಧಾವಿಸುತ್ತಿರುವ ಸವಾರ ಬ್ರೇಕು ಹಿಡಿದು ಒಂದು ಕಾಲನ್ನು ನೆಲಕ್ಕೂರುತ್ತಾನೆ. ಮಳೆಯಂಗಿಯ ತೋಳಿನಿಂದ ನೀರು ತೊಟ್ಟಿಕ್ಕುತ್ತಿರುವಂತೆಯೇ ಲೋಟವನ್ನು ಎರಡು ಕೈಗಳಿಂದಲೂ ಬಳಸಿ ಹಿಡಿದು, ಅದರ ಹಬೆಗೆ ಮುಖವೊಡ್ಡಿ, ಪಕ್ಕದಲ್ಲಿ ನಿಂತ ಅಪರಿಚಿತನೊಡನೆ ನಾಲ್ಕು ಮಾತನಾಡಿ, ಮತ್ತೆ ಪೆಡಲು ತುಳಿಯುತ್ತಾನೆ. ಕಾಫಿಗೆ ಬೆಲೆಯಿಲ್ಲ. ಕೊಡುವವರು ಹೋಟೆಲಿನವರಲ್ಲ, ಪುರಸಭೆಯವರಲ್ಲ, ಸೈಕಲ್ ಮಾರುವವರೂ ಅಲ್ಲ. ಸವಾರರಂತೆಯೇ ಆ ಊರಿನ ನಿವಾಸಿಗಳು, ತಮ್ಮ ಕಾಫಿಯ ಪಾತ್ರೆಯನ್ನೂ ಮೇಜನ್ನೂ ಸೈಕಲ್ಲಿಗೆ ಗಾಡಿ ಕಟ್ಟಿ ಎಳೆದು ತಂದವರು.

ಇಂಥದೊಂದು ಪದ್ಧತಿ ಆಕಾಶದಿಂದ ಉದುರುವುದಿಲ್ಲ. ಅದರ ಬೇರುಗಳನ್ನು ಅರಸುತ್ತ ಹೋದರೆ ಮೊದಲು ಸಿಗುವುದು ಒಂದು ಶಾಸನ. 1971ರಲ್ಲಿ ಜ್ಯಾಕ್ಸನ್‌ವಿಲ್ ಎಂಬ ಚಿಕ್ಕ ಊರಿನ ಪ್ರತಿನಿಧಿ, ರಿಪಬ್ಲಿಕನ್ ಪಕ್ಷದ ಡಾನ್ ಸ್ಟಾಥೋಸ್ ಎಂಬವರು, ಹೆದ್ದಾರಿಯ ನಿಧಿಯಲ್ಲಿ ಕನಿಷ್ಠ ಪಕ್ಷ ನೂರಕ್ಕೆ 1 ಭಾಗವನ್ನು ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ವಿನಿಯೋಗಿಸಬೇಕೆಂಬ ಮಸೂದೆಯನ್ನು ಆರೆಗಾನಿನ ಶಾಸನಸಭೆಯ ಮುಂದಿಟ್ಟರು; ರಾಜ್ಯಪಾಲ ಟಾಮ್ ಮೆಕಾಲ್ ಅಂಕಿತ ಹಾಕಿದ ಮೇಲೆ ಅದು ಶಾಸನವಾಯಿತು. 1974ರಲ್ಲಿ ಪೋರ್ಟ್‌ಲೆಂಡಿನವರು ನದೀತೀರದ ಹಾರ್ಬರ್ ಡ್ರೈವ್ ಎಂಬ ಹೆದ್ದಾರಿಯನ್ನು ಮುಚ್ಚಿ, ಆ ಸ್ಥಳದಲ್ಲಿ ಉದ್ಯಾನವನ್ನು ನಿರ್ಮಿಸತೊಡಗಿದರು. ಇಂದು ಆ ಉದ್ಯಾನಕ್ಕೆ ಮೆಕಾಲರದೇ ಹೆಸರು. ಆದರೆ ಕಾಗದದ ಮೇಲಿನ ನ್ಯಾಯ ಬೀದಿಗಿಳಿಯಬೇಕಾದರೆ ಅದನ್ನು ತಳ್ಳುವ ಕೈಗಳು ಬೇಕು. ಈ ಶಾಸನವನ್ನು ಮುಂದಿಟ್ಟುಕೊಂಡು ಅಲ್ಲಿನ ಸೈಕಲ್ ಸವಾರರ ಸಂಘವೊಂದು, ಹೊಸ ಕ್ರೀಡಾಂಗಣದ ಸುತ್ತಿನ ಬೀದಿಗಳ ವಿಷಯವಾಗಿ ತನ್ನ ನಗರದ ಮೇಲೆಯೇ ದಾವೆ ಹೂಡಿ, 1995ರಲ್ಲಿ ಮೇಲ್ಮನವಿಯ ನ್ಯಾಯಾಲಯದಲ್ಲಿ ಗೆದ್ದ ಮೇಲೆಯೇ ಅದಕ್ಕೆ ನಿಜವಾದ ಹಲ್ಲು ಮೂಡಿದುದು.

ಶಾಸನವು ದಾರಿಯನ್ನು ಕೊಡಬಲ್ಲುದು. ಆ ದಾರಿಯಲ್ಲಿ ನಗುತ್ತ ಹೋಗುವ ಮನಸ್ಸನ್ನು ಕೊಡಲಾರದು. ಆ ಮನಸ್ಸು ಮೂಡಿದ ಬಗೆಯೇ ನನ್ನ ದೃಷ್ಟಿಯಲ್ಲಿ ಈ ಕಥೆಯ ಹೆಚ್ಚಿನ ಸ್ವಾರಸ್ಯ.

ನ್ಯಾಯಾಲಯದಲ್ಲಿ ವಾದ ನಡೆಯುತ್ತಿದ್ದ ಕಾಲದಲ್ಲಿಯೇ, 1994ರಲ್ಲಿ, ಕೆಲವರು ಉತ್ಸಾಹಿಗಳು ಹಳೆಯ ಸೈಕಲ್ಲುಗಳನ್ನು ಕೂಡಿಸಿ, ದುರಸ್ತಿಮಾಡಿ, ಚಕ್ರದಿಂದ ಹಿಡಿಕೆಯವರೆಗೆ ಅರಿಸಿನದ ಬಣ್ಣ ಬಳಿದು, ಬೀಗವಿಲ್ಲದೆ ಬೀದಿಯಲ್ಲಿ ಬಿಟ್ಟರು. ಬೇಕಾದವನು ಹತ್ತಿ ಹೋಗಬಹುದು; ಕೆಲಸ ಮುಗಿದಲ್ಲಿ ಇಳಿದು, ಮತ್ತೊಬ್ಬನಿಗೆ ಸಿಗುವಂತೆ ದೊಡ್ಡ ಬೀದಿಯ ಅಂಚಿನಲ್ಲಿ ನಿಲ್ಲಿಸಬೇಕು; ಇಷ್ಟೇ ಕರಾರು. 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರೋವೋ ಎಂಬ ತರುಣರ ಬಳಗ ಬಿಳಿಯ ಬಣ್ಣ ಬಳಿದು ಇದೇ ಪ್ರಯೋಗವನ್ನು ಮಾಡಿತ್ತು. ಬೀಗ ಹಾಕದ ಸೈಕಲ್ಲು ಕಾನೂನಿಗೆ ವಿರುದ್ಧವೆಂದು ಅಲ್ಲಿನ ಪೊಲೀಸರು ಅವನ್ನು ವಶಪಡಿಸಿಕೊಂಡಿದ್ದರು. ಪೋರ್ಟ್‌ಲೆಂಡಿನ ಹಳದಿ ಸೈಕಲ್ಲುಗಳಿಗೆ ಪೊಲೀಸರ ಕಾಟವಿರಲಿಲ್ಲ, ಕಳ್ಳರ ಕಾಟವಿತ್ತು. ಕೆಲವು ಕಳುವಾದುವು, ಕೆಲವು ಮುರಿದುವು, ಕೆಲವು ನದಿಯ ಪಾಲಾದುವು. ಕೆಲವೇ ವರ್ಷಗಳಲ್ಲಿ ಪ್ರಯೋಗ ನಿಂತುಹೋಯಿತು. ಆದರೂ ಅದನ್ನು ವಿಫಲವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಕಾಲಕ್ಕೇ, ಅದೇ 1994ರಲ್ಲಿ, ಊರಿನ ಈಶಾನ್ಯ ಭಾಗದಲ್ಲಿ ಸಮುದಾಯದ ಸೈಕಲ್ ಕೇಂದ್ರವೊಂದು ತೆರೆಯಿತು. ಬಡವರ ಮಕ್ಕಳ ಕೈಗೆ ಸ್ಪ್ಯಾನರನ್ನು ಕೊಟ್ಟು, ಸರಪಳಿ ಕೂಡಿಸುವುದನ್ನೂ ಪಂಕ್ಚರು ಹಾಕುವುದನ್ನೂ ಕಲಿಸುವ ಆ ಕೇಂದ್ರ ಮುಂದೆ ದಶಕಗಳ ಕಾಲ ಬಾಳಿತು. ಊರೊಟ್ಟಿನ ಸೊತ್ತನ್ನು ಉಳಿಸಿಕೊಳ್ಳಲು ಬಣ್ಣ ಸಾಲದು, ಅದನ್ನು ರಿಪೇರಿ ಮಾಡಬಲ್ಲ ಬೆರಳುಗಳು ಬೇಕೆಂಬುದು ಅಲ್ಲಿನವರಿಗೆ ಆಗಲೇ ಮನದಟ್ಟಾಗಿರಬೇಕು.

ಮತ್ತೊಂದು ಹೊಳೆ ದಕ್ಷಿಣದಿಂದ ಹರಿದು ಬಂದಿತು. 1992ರ ಸೆಪ್ಟೆಂಬರ್ ತಿಂಗಳ ಕಡೆಯ ಶುಕ್ರವಾರ ಸಂಜೆ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಹತ್ತಾರು ಸವಾರರು ಒಟ್ಟಾಗಿ ಮನೆಗೆ ಹೊರಟರು. ಒಬ್ಬೊಬ್ಬರಾಗಿ ಹೋದರೆ ಅಂಚಿಗೆ ತಳ್ಳಿಸಿಕೊಳ್ಳುವವರು ಗುಂಪಾಗಿ ಹೋದರೆ ರಸ್ತೆಯೇ ತಮ್ಮದಾಗುವುದೆಂಬುದನ್ನು ಕಂಡುಕೊಂಡರು. 'ಕ್ರಿಟಿಕಲ್ ಮಾಸ್' ಎಂಬ ಹೆಸರಿನಿಂದ ಆ ಸವಾರಿ ಊರಿಂದೂರಿಗೆ ಹಬ್ಬಿ ಪೋರ್ಟ್‌ಲೆಂಡನ್ನೂ ಮುಟ್ಟಿತು. ಆದರೆ ಅದರೊಡನೆ ಕಲಹವೂ ಬಂದಿತು: ಮೋಟಾರಿನವರ ಸಿಡುಕು, ಸವಾರರ ಹಟ, ಪೊಲೀಸರ ದಂಡದ ಚೀಟಿ, ಆಗಾಗ್ಗೆ ಬಂಧನ. ಹಕ್ಕಿಗಾಗಿ ನಿಲ್ಲುವವರನ್ನು ನಾನು ಗೌರವಿಸುತ್ತೇನೆ. ಆದರೆ ಪ್ರತಿ ತಿಂಗಳೂ ಮುಷ್ಟಿ ಬಿಗಿದುಕೊಂಡೇ ಸೈಕಲ್ಲು ಹತ್ತಬೇಕಾದರೆ, ಮಗುವನ್ನು ಹಿಂದೆ ಕೂರಿಸಿಕೊಂಡ ತಾಯಿಯೂ ಎಪ್ಪತ್ತು ದಾಟಿದ ಮುದುಕನೂ ಅಂಥ ಕೂಟಕ್ಕೆ ಬಾರರು.

ಇವರನ್ನೂ ಬರಮಾಡಿಕೊಂಡುದು 2002ರ ಬೇಸಗೆ. 'ಬೈಕ್ ಸಮ್ಮರ್' ಎಂಬ ಸಂಚಾರಿ ಉತ್ಸವ 1999ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹುಟ್ಟಿ, ವರ್ಷಕ್ಕೊಂದು ನಗರವನ್ನು ಆರಿಸಿಕೊಳ್ಳುತ್ತ ಆ ವರ್ಷ ಪೋರ್ಟ್‌ಲೆಂಡಿಗೆ ಬಂದಿತು. ಯಾರು ಬೇಕಾದರೂ ಒಂದು ಸವಾರಿಯನ್ನು ಯೋಚಿಸಿ ಪಟ್ಟಿಗೆ ಸೇರಿಸಬಹುದೆಂಬುದು ಅದರ ಕ್ರಮ. ಉತ್ಸವ ಮುಗಿದ ಮೇಲೆ ಬೇರೆಡೆಗಳಲ್ಲಿ ಚಪ್ಪರ ಬಿಚ್ಚಿದಂತೆ ಎಲ್ಲವೂ ಬಿಚ್ಚಿಹೋಗುವುದುಂಟು, ಇಲ್ಲಿ ಹಾಗಾಗಲಿಲ್ಲ. ಕೂಡಿದ ಜನ ಚದುರಲೊಲ್ಲದೆ 'ಶಿಫ್ಟ್' ಎಂಬ ಬಳಗವಾಗಿ ನಿಂತರು. ಸದಸ್ಯತ್ವದ ಶುಲ್ಕವಿಲ್ಲ, ಕೆಲಸ ಮಾಡುವವನೇ ಸದಸ್ಯ. ಸೇತುವೆಯ ಮೇಲಿನ ಕಾಫಿ ಈ ಬಳಗದ್ದೇ. ಅದಕ್ಕೆ ಗೊತ್ತಾದ ದಿನವೂ ತಿಂಗಳ ಕಡೆಯ ಶುಕ್ರವಾರವೇ ಆಗಿರುವುದನ್ನು ಓದುಗರು ಗಮನಿಸಬೇಕು: ಸಂಜೆ ಗುಂಪು ಕಟ್ಟಿ ರಸ್ತೆಯನ್ನು ಕೇಳುವ ದಿನವೇ, ಬೆಳಗ್ಗೆ ಲೋಟವನ್ನು ಮುಂದೆ ಚಾಚುವ ದಿನವೂ ಆಯಿತು.

ಅದೇ 2002ರ ಸುಮಾರಿಗೆ ಮೊದಲಾದ ಮತ್ತೊಂದು ಆಟವಿದೆ. ಪಶ್ಚಿಮದ ಗುಡ್ಡದ ಮೇಲೆ ಊರಿನ ಮೃಗಾಲಯ. ಅದರ ಕೆಳಗೆ, ನೆಲದಿಂದ 260 ಅಡಿ ಆಳದಲ್ಲಿ, ಉತ್ತರ ಅಮೆರಿಕದಲ್ಲಿಯೇ ಅತ್ಯಂತ ಆಳವೆನಿಸಿದ ರೈಲು ನಿಲ್ದಾಣ. ಭಾನುವಾರ ರಾತ್ರಿ ದೊಡ್ಡವರು, ಗಡ್ಡ ಬಂದವರು, ಉದ್ಯೋಗಸ್ಥರು, ಐದಾರು ವರ್ಷದ ಮಕ್ಕಳು ತುಳಿಯುವಂಥ ಪುಟ್ಟ ಸೈಕಲ್ಲುಗಳನ್ನು ಕಂಕುಳಲ್ಲಿ ಹಿಡಿದು ರೈಲೇರುತ್ತಾರೆ. ನಿಲ್ದಾಣದಲ್ಲಿಳಿದು ಲಿಫ್ಟಿನಲ್ಲಿ ಗುಡ್ಡದ ಮೇಲಕ್ಕೆ ಬರುತ್ತಾರೆ. ಅಲ್ಲಿಂದ ಮಂಡಿಗಳು ಹಿಡಿಕೆಗೆ ತಾಗುವಂತೆ ಕುಳಿತು, ಕತ್ತಲೆಯ ಇಳಿಜಾರಿನಲ್ಲಿ ಊರಿನ ದೀಪಗಳ ಕಡೆಗೆ ಜಾರುತ್ತಾರೆ. ಇದಕ್ಕೆ 'ಜೂಬಾಂಬ್' ಎಂದು ಹೆಸರು. ಆ ಪುಟ್ಟ ಸೈಕಲ್ಲುಗಳನ್ನು ಪೊವೆಲ್ಸ್ ಎಂಬ ಪ್ರಸಿದ್ಧ ಪುಸ್ತಕದಂಗಡಿಯ ಸಮೀಪದ ಬೀದಿಬದಿಯ ಕಂಬಿಯೊಂದಕ್ಕೆ ರಾಶಿಯಾಗಿ ಸರಪಳಿ ಬಿಗಿದು ಇಡುತ್ತಿದ್ದರು. ಸ್ವಂತ ಸೈಕಲ್ಲಿಲ್ಲದ ಹೊಸಬನಿಗೆ ರಾಶಿಯಿಂದ ಒಂದು ಸಿಗುತ್ತಿತ್ತು. ನಗರದವರು ಆ ರಾಶಿಯನ್ನು ಕಸವೆಂದು ಎತ್ತಿಹಾಕಬಹುದಾಗಿತ್ತು. ಹಾಗೆ ಮಾಡದೆ, 2009ರಲ್ಲಿ ಅದಕ್ಕೊಂದು ಪೀಠವನ್ನೂ ಸ್ತಂಭವನ್ನೂ ಕಟ್ಟಿಸಿ, ಸ್ತಂಭದ ತುದಿಗೆ ಹೊನ್ನಿನ ಬಣ್ಣದ ಪುಟ್ಟ ಸೈಕಲ್ಲೊಂದನ್ನು ಏರಿಸಿ, ಅದನ್ನು ಸಾರ್ವಜನಿಕ ಶಿಲ್ಪವೆಂದೇ ಪ್ರತಿಷ್ಠಾಪಿಸಿದರು. ಅದರ ಹೆಸರು ಜನರ ಸೈಕಲ್ ಗ್ರಂಥಾಲಯ. ಹಳದಿ ಸೈಕಲ್ಲುಗಳು ಸಾಧಿಸಲಾರದುದನ್ನು ಈ ಆಟಿಕೆಗಳು ಸಾಧಿಸಿದುವು; ಏಕೆಂದರೆ ಇವುಗಳ ಸುತ್ತ ವಾರವಾರವೂ ಮುಖಾಮುಖಿಯಾಗುವ ಜನರಿದ್ದರು.

2004ರಲ್ಲಿ ಶಿಫ್ಟ್ ಬಳಗದ ಜೂನ್ ತಿಂಗಳ ಉತ್ಸವಕ್ಕೆ 'ಪೆಡಲ್‌ಪಲೂಜಾ' ಎಂಬ ನಾಮಕರಣವಾಯಿತು. ತಿಂಗಳುಗಟ್ಟಲೆ ಜಿನುಗುವ ಮಳೆ ಜೂನಿನಲ್ಲಿ ಹಿಮ್ಮೆಟ್ಟುತ್ತದೆ, ರಾತ್ರಿ 9 ಗಂಟೆಯಾದರೂ ಬೆಳಕಿರುತ್ತದೆ. ಜಾತ್ರೆಗೆ ಅದಕ್ಕಿಂತ ಪ್ರಶಸ್ತವಾದ ಮುಹೂರ್ತವಿಲ್ಲ. ಈ ಜಾತ್ರೆಗೆ ತೇರು ಒಂದಲ್ಲ. ಯಾರು ಎಳೆಯಲು ಸಿದ್ಧರೋ ಅವರದೊಂದು ತೇರು. ಒಬ್ಬರು ಊರಿನ ಹಳೆಯ ಮರಗಳನ್ನು ತೋರಿಸುತ್ತ ಸವಾರಿ ಕರೆದೊಯ್ದರೆ, ಮತ್ತೊಬ್ಬರು ಒಂದೇ ಬಣ್ಣದ ಉಡುಪಿನವರನ್ನು ಕೂಡಿಸುತ್ತಾರೆ. ಒಂದು ಸಂಜೆ ಡೇವಿಡ್ ಬೋಯಿಯ ಅಭಿಮಾನಿಗಳ ದಂಡೂ ಪ್ರಿನ್ಸ್ ಎಂಬ ಗಾಯಕನ ಅಭಿಮಾನಿಗಳ ದಂಡೂ ವೇಷಧರಿಸಿ ಬೇರೆಬೇರೆಯಾಗಿ ಹೊರಟು, ಕಡೆಯಲ್ಲಿ ಒಂದೆಡೆ ಸಂಧಿಸಿ ಹಾಡಿ ಕುಣಿಯುತ್ತವೆ. ಎರಡು ಚೌಕಟ್ಟುಗಳನ್ನು ಒಂದರ ಮೇಲೊಂದು ಬೆಸೆದು ಆಳೆತ್ತರಕ್ಕೆ ನಿಲ್ಲಿಸಿದ ಸೈಕಲ್ಲುಗಳ ಮೇಲೆ ಕೆಲವರು ದೇವದಾರಿನ ಕೊಂಬೆಯನ್ನು ಮುಟ್ಟುತ್ತ ಸಾಗುತ್ತಾರೆ. ಉತ್ಸವದ ಹೊರಗೂ ತಿಂಗಳ ಎರಡನೆಯ ಶುಕ್ರವಾರ ನಡುರಾತ್ರಿ, ಎಲ್ಲಿಗೆಂದು ಹೇಳದೆ ಹೊರಡುವ ರಹಸ್ಯದ ಸವಾರಿಯುಂಟು. ಅದೇ 2004ರಿಂದ ನಡೆದುಬಂದ ಬತ್ತಲೆ ಸವಾರಿಯ ಸುದ್ದಿಯೇ ಹೊರಗಿನವರ ಕಿವಿಗೆ ಹೆಚ್ಚಾಗಿ ಬೀಳುವುದು. ಉಕ್ಕಿನ ಕವಚವಿಲ್ಲದ ಸವಾರನ ದೇಹ ರಸ್ತೆಯ ಮೇಲೆ ಎಷ್ಟು ನಿರಾಶ್ರಯವೆಂಬುದನ್ನು ತೋರುವುದೂ ಪೆಟ್ರೋಲಿನ ಅವಲಂಬನೆಯನ್ನು ಪ್ರತಿಭಟಿಸುವುದೂ ಅದರ ಉದ್ದೇಶವೆಂಬುದನ್ನು ಸುದ್ದಿಗಾರರು ಅಷ್ಟಾಗಿ ಹೇಳುವುದಿಲ್ಲ.

ಇವೆಲ್ಲವುಗಳಲ್ಲಿ ನನ್ನ ಮನಸ್ಸನ್ನು ಅತಿಶಯವಾಗಿ ಸೆಳೆದುದು ಮನೆ ಸಾಗಿಸುವ ಕೆಲಸ. ಬಳಗದ ಯಾರಾದರೂ ಒಂದು ಬಾಡಿಗೆ ಮನೆಯಿಂದ ಮತ್ತೊಂದಕ್ಕೆ ಹೋಗಬೇಕಾದಾಗ ಹೇಳಿ ಕಳುಹಿಸುತ್ತಾರೆ. ಗೊತ್ತಾದ ಬೆಳಗ್ಗೆ ಪರಿಚಿತರೂ ಅಪರಿಚಿತರೂ ತಂತಮ್ಮ ಸೈಕಲ್ಲಿಗೆ ಗಾಡಿ ಕಟ್ಟಿಕೊಂಡು ಬರುತ್ತಾರೆ. ಮನೆಯವರು ಮೊದಲು ತಿಂಡಿ ಕಾಫಿ ಕೊಡುತ್ತಾರೆ. ಬಳಿಕ ಹಾಸಿಗೆ, ಪುಸ್ತಕದ ಪೆಟ್ಟಿಗೆ, ಸೋಫಾ, ಕಪಾಟು, ಹೂವಿನ ಕುಂಡ, ಎಲ್ಲವನ್ನೂ ಹಗ್ಗದಿಂದ ಬಿಗಿದ ಸಾಲುಗಾಡಿಗಳ ಮೆರವಣಿಗೆ ಹೊರಡುತ್ತದೆ. ತಲುಪಿದ ಮೇಲೆ ಹೊಸ ಮನೆಯ ನೆಲದ ಮೇಲೆ ಕುಳಿತು ಎಲ್ಲರಿಗೂ ಊಟ. ಲಾರಿ ಕರೆದಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸವಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಲಾರಿ ಸಾಮಾನನ್ನು ಸಾಗಿಸುತ್ತಿತ್ತು, ಹೊಸ ಬೀದಿಯಲ್ಲಿ ಮೂವತ್ತು ಜನ ಸ್ನೇಹಿತರನ್ನು ಇಳಿಸಿ ಹೋಗುತ್ತಿರಲಿಲ್ಲ.

ಆಟದ ಬಲವನ್ನು ಅಧಿಕಾರವೂ ಮೆಲ್ಲಮೆಲ್ಲನೆ ಒಪ್ಪಿಕೊಂಡಿತು. ಹಿಂದೆ ಪೊಲೀಸ್ ಮುಖ್ಯಸ್ಥರಾಗಿದ್ದ ಟಾಮ್ ಪಾಟರ್ ಎಂಬವರು 2005ರಲ್ಲಿ ಮೇಯರ್ ಆದವರೇ, ಅದೇ ಜನವರಿಯ ಕ್ರಿಟಿಕಲ್ ಮಾಸ್ ಸವಾರಿಯಲ್ಲಿ ತಾವೂ ಪೆಡಲು ತುಳಿದರು. ಕೊಲಂಬಿಯದ ಬೊಗೋಟಾ ನಗರದಲ್ಲಿ 1974ರಿಂದ ಬೀದಿಗಳನ್ನು ಮೋಟಾರಿಗೆ ಮುಚ್ಚಿ ಜನರಿಗೆ ತೆರೆಯುವ ಪದ್ಧತಿಯುಂಟು. ಅದನ್ನು ಮಾದರಿಯಾಗಿರಿಸಿಕೊಂಡು ಪೋರ್ಟ್‌ಲೆಂಡಿನ ನಗರಾಡಳಿತ 2008ರ ಜೂನಿನ ಒಂದು ಭಾನುವಾರ ಊರಿನ ಉತ್ತರ ಭಾಗದಲ್ಲಿ 6 ಮೈಲಿಗಳ ಸುತ್ತನ್ನು ತೆರೆಯಿತು. 2015ರಲ್ಲಿ ವಿಲಾಮೆಟ್ ನದಿಗೆ ಟಿಲಿಕಮ್ ಎಂಬ ಹೊಸ ಸೇತುವೆಯಾಯಿತು; ರೈಲು, ಬಸ್ಸು, ಸೈಕಲ್ಲು, ಕಾಲ್ನಡಿಗೆಗಳಿಗೆ ಅಲ್ಲಿ ಪ್ರವೇಶವುಂಟು, ಖಾಸಗಿ ಕಾರಿಗಿಲ್ಲ.

ಈ ಚಿತ್ರದಲ್ಲಿ ನೆರಳೂ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ಊರಿನ ಉತ್ತರದಲ್ಲಿ ವಿಲಿಯಮ್ಸ್ ಎಂಬ ರಸ್ತೆಯಿದೆ. ಅದರ ಸುತ್ತಿನ ಆಲ್ಬೈನಾ ಪ್ರದೇಶ ಕರಿಯ ಜನರ ನೆಲೆಯಾಗಿತ್ತು. ಕ್ರೀಡಾಂಗಣ, ಹೆದ್ದಾರಿ, ಆಸ್ಪತ್ರೆಯ ವಿಸ್ತರಣೆ ಇವುಗಳಿಗಾಗಿ ಅವರ ಮನೆಗಳು ಒಂದಾದ ಮೇಲೊಂದರಂತೆ ನೆಲಸಮವಾದುವು. 2011ರಲ್ಲಿ ಆ ರಸ್ತೆಯ ಸೈಕಲ್ ದಾರಿಯನ್ನು ಅಗಲಿಸುವ ಯೋಜನೆ ಬಂದಾಗ, ಅಳಿದುಳಿದ ಹಳೆಯ ನಿವಾಸಿಗಳು ನೊಂದು ಕೇಳಿದರು: ರಸ್ತೆ ಅಪಾಯಕರವೆಂದು ನಾವು ದಶಕಗಳಿಂದ ಮೊರೆಯಿಟ್ಟಾಗ ಕೇಳದ ಕಿವಿ, ಹೊಸದಾಗಿ ಬಂದ ಬಿಳಿಯರು ಸೈಕಲ್ಲೇರಿದೊಡನೆ ತೆರೆದುದೇಕೆ? ಈ ಪ್ರಶ್ನೆ ನ್ಯಾಯವಾದುದು. ಬೆಲೆಯಿಲ್ಲದ ಕಾಫಿಯನ್ನು ಹಂಚುವ ಊರಿನಲ್ಲಿಯೂ ಆ ಮೇಜಿನ ಬಳಿ ನಿಲ್ಲಲು ಎಲ್ಲರಿಗೂ ಸಮಾನವಾದ ಸಲಿಗೆಯಿರಲಿಲ್ಲ.

2014ರಲ್ಲಿ ಪೋರ್ಟ್‌ಲೆಂಡಿನ ದುಡಿಯುವವರಲ್ಲಿ ನೂರಕ್ಕೆ 7ಕ್ಕೂ ಮಿಕ್ಕ ಜನ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಆ ದೇಶದ ದೊಡ್ಡ ನಗರಗಳಲ್ಲಿ ಅದು ಬಹು ದೊಡ್ಡ ಪ್ರಮಾಣ. ಅನಂತರ ಅದು ಇಳಿಯತೊಡಗಿತು. ಮಹಾಮಾರಿಯ ಕಾಲದಲ್ಲಿ ಜನ ಮನೆಯಲ್ಲಿಯೇ ಕುಳಿತು ಕೆಲಸ ಮಾಡತೊಡಗಿದ ಮೇಲೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಕೆಲಸಕ್ಕೆ ಹೋಗುವ ಸವಾರರು ಕಡಿಮೆಯಾದ ಆ ವರ್ಷಗಳಲ್ಲಿ ಆಟಕ್ಕೆ ಬರುವವರು ಕಡಿಮೆಯಾಗಲಿಲ್ಲ. ಜೂನ್ ತಿಂಗಳಿಗೆ ಸೀಮಿತವಾಗಿದ್ದ ಪೆಡಲ್‌ಪಲೂಜಾ, 2021ರಲ್ಲಿ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳಿಗೂ ವಿಸ್ತರಿಸಿತು.