ಎಲ್ಲಾ ಕಲ್ಲಿಗೂ ನೀರನ್ನೇ ಬೈಯಬೇಡಿ!

ಕೊಳ್ಳೇಗಾಲ: ಮೂತ್ರಪಿಂಡದಲ್ಲಿ ಕಲ್ಲು ಎಂದೊಡನೆ ಹನೂರು ಕಡೆ ಬೋರ್‌ವೆಲ್ ನೀರಿಗೆ ಬೈಗುಳ. ಮೂಳೆ ನೋವು ಎಂದರೆ ಯಳಂದೂರಲ್ಲೂ ಮೆಡಿಕಲ್ ಸ್ಟೋರಿನ ಕ್ಯಾಲ್ಸಿಯಂ ಮಾತ್ರೆಯೇ ಮದ್ದು. ಆದರೆ ಕಲ್ಲು ಮತ್ತೆ ಮತ್ತೆ ಬಂದು, ಜೊತೆಗೆ ಮೂಳೆ ನೋವು, ಸುಸ್ತು, ಮಲಬದ್ಧತೆ, ಬಾಯಾರಿಕೆಯೂ ಕಾಡಿದರೆ? ಕಳ್ಳ ಕುತ್ತಿಗೆಯಲ್ಲೇ ಇದ್ದಾನು!

ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕಿರುತ್ತವೆ. ರಕ್ತದ ಕ್ಯಾಲ್ಸಿಯಂ ಲೆಕ್ಕ ಇವುಗಳದೇ. ಒಂದು ಗಡ್ಡೆಗಟ್ಟಿ ಹದ ತಪ್ಪಿತೋ, ಮೂಳೆಯ ಸುಣ್ಣ ಕರಗಿ ರಕ್ತ ಸೇರುತ್ತದೆ. ಗಲ್ಲಾಪೆಟ್ಟಿಗೆ ಕಾಯಬೇಕಾದವನೇ ಕಾಸು ಬಾಚಿ ಬೀದಿಗೆಸೆದಂತೆ! ಮೂಳೆ ಟೊಳ್ಳು, ಮೂತ್ರಪಿಂಡಕ್ಕೆ ಕಲ್ಲು.

ವಿಯೆನ್ನಾದ ಟ್ರಾಮ್ ಕಂಡಕ್ಟರೊಬ್ಬನಿಗೆ ಹೀಗೇ ಆಗಿತ್ತು. ಡಾ. ಫೆಲಿಕ್ಸ್ ಮಾಂಡ್ಲ್ ಮೊದಲು ಕೊರತೆಯೆಂದು ಬಗೆದು ಗ್ರಂಥಿಯ ಸತ್ವವನ್ನೇ ಕೊಟ್ಟರು, ಗುಣ ಕಾಣಲಿಲ್ಲ. 1925ರಲ್ಲಿ ಕುತ್ತಿಗೆಯ ಗಡ್ಡೆ ತೆಗೆದರು. ನೋವು ತಗ್ಗಿ ಆತ ಕೋಲೂರಿ ನಡೆದ. ಮುಂದೆ ಕೆಲ ವರ್ಷಕ್ಕೆ ರೋಗ ಮರುಕಳಿಸಿತು ನಿಜ. ಆದರೆ ಇಂದು ಈ ಆಪರೇಷನ್ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ.

ಎಲ್ಲಾ ಕಲ್ಲಿಗೂ ಇದೇ ಕಾರಣವಲ್ಲ. ಹಾಗಂತ ಸುಮ್ಮನಿರುವುದೂ ಸರಿಯಲ್ಲ. ದೊಡ್ಡವರ ರಕ್ತದಲ್ಲಿ ಕ್ಯಾಲ್ಸಿಯಂ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕು. ಮೀರಿದ್ದರೆ ಪಿ.ಟಿ.ಎಚ್. ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಮಾತ್ರೆಗೆ ಕಾಸು ಬಿಚ್ಚುವ ಮುನ್ನ ರಕ್ತದ ಲೆಕ್ಕ ನೋಡಿಸಿಕೊಳ್ಳಿ, ಸ್ವಾಮಿ!