ಮರುಭೂಮಿಯ ಬಿಸಿಲಿಗೆ ಹಿಡಿದ ಮಸೂರ

ಸೌದಿ ಅರೇಬಿಯಾದ ರಾಜಧಾನಿ ರಿಯಾದ್‌ನಿಂದ ವಾಯವ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಅಲ್ ಉಯೈನಾ ಎಂಬ ಊರಿನ ಬಳಿ 1981ರಲ್ಲಿ ಕೆಲಸ ಆರಂಭಿಸಿದ ಸೌರ ವಿದ್ಯುತ್ ಕೇಂದ್ರವು ಆ ಕಾಲಕ್ಕೆ ಜಗತ್ತಿನ ದೊಡ್ಡ ಸೌರ ಸ್ಥಾವರಗಳ ಸಾಲಿಗೆ ಸೇರಿತ್ತು. ಅದರ ಸಾಮರ್ಥ್ಯ ಬರೀ 350 ಕಿಲೋವಾಟ್. ಇಂದು ಒಂದು ದೊಡ್ಡ ಕಾರ್ಖಾನೆಯ ಚಾವಣಿಯ ಮೇಲೆಯೇ ಅಷ್ಟನ್ನು ಉತ್ಪಾದಿಸಬಹುದು. ಸೌದಿ ಮತ್ತು ಅಮೆರಿಕ ಸರ್ಕಾರಗಳು 1977ರಲ್ಲಿ ಮಾಡಿಕೊಂಡ ‘ಸೋಲೆರಾಸ್’ ಒಪ್ಪಂದದ ಅಡಿಯಲ್ಲಿ ಹುಟ್ಟಿದ ಈ ಕೇಂದ್ರವು ಸುತ್ತಲಿನ ಹಳ್ಳಿಗಳಿಗೆ ಕರೆಂಟು ಕೊಡುವ ಉದ್ದೇಶ ಹೊಂದಿತ್ತು. ತೈಲದ ಮೇಲೆಯೇ ಕುಳಿತ ದೇಶವೊಂದು ಬಿಸಿಲಿನ ಮೇಲೆ ಹಣ ಹೂಡಿದ್ದು ಸಣ್ಣ ಸಂಗತಿಯಲ್ಲ.

ಇದರ ವಿಶೇಷ ಇರುವುದು ಬಿಸಿಲನ್ನು ಬಳಸುವ ಬಗೆಯಲ್ಲಿ. ಸಿಲಿಕಾನ್ ಸೌರಕೋಶ, ಅಂದರೆ ಬೆಳಕನ್ನು ನೇರವಾಗಿ ವಿದ್ಯುತ್ತಾಗಿಸುವ ತೆಳು ಬಿಲ್ಲೆ, ಆಗ ಬಲು ದುಬಾರಿಯಾಗಿದ್ದುದರಿಂದ, ಇಡೀ ಮೈದಾನಕ್ಕೆ ಕೋಶಗಳನ್ನು ಹಾಸುವ ಬದಲು ಅಗ್ಗದ ಮಸೂರಗಳನ್ನು ಹಾಸಿ, ಅವು ಒಟ್ಟುಗೂಡಿಸಿದ ಬೆಳಕನ್ನು ಚಿಕ್ಕ ಕೋಶಗಳ ಮೇಲೆ ಬೀಳಿಸುವ ದಾರಿಯನ್ನು ಎಂಜಿನಿಯರುಗಳು ಹಿಡಿದರು. ಇದಕ್ಕೆ ಬಳಸುವ ಫ್ರೆನೆಲ್ ಮಸೂರವು ಭೂತಗನ್ನಡಿಯಂತೆ ದಪ್ಪನೆಯದಲ್ಲ. ಅದೊಂದು ಚಪ್ಪಟೆ ಹಾಳೆ, ಅದರ ಮೈಮೇಲೆ ಒಂದರೊಳಗೊಂದು ವೃತ್ತಾಕಾರದ ಸೂಕ್ಷ್ಮ ಗೀರುಗಳು, ಪ್ರತಿ ಗೀರಿನ ಓರೆಯೂ ಬೆಳಕನ್ನು ಒಂದೇ ಬಿಂದುವಿನತ್ತ ಬಾಗಿಸುವಂಥದ್ದು. ಫ್ರಾನ್ಸಿನ ಭೌತವಿಜ್ಞಾನಿ ಫ್ರೆನೆಲ್ 19ನೇ ಶತಮಾನದ ಆರಂಭದಲ್ಲಿ ಸಮುದ್ರತೀರದ ದೀಪಸ್ತಂಭಗಳಿಗಾಗಿ ರೂಪಿಸಿದ ಈ ಉಪಾಯ, ಹೀಗೆ ನೀರೇ ಇಲ್ಲದ ನಾಡಿಗೆ ಬಂದು ಸೇರಿತು. ಒಂದೆಡೆ ಕೂಡಿದ ಬೆಳಕಿನ ಜೊತೆಗೆ ಕಾವೂ ಏರುತ್ತದೆ, ಕಾವೇರಿದಂತೆ ಕೋಶದ ಇಳುವರಿ ಕುಗ್ಗುತ್ತದೆ. ಆದ್ದರಿಂದ ಕೋಶದ ಬೆನ್ನಿಗೆ ಲೋಹದ ರೆಕ್ಕೆಗಳನ್ನು ಜೋಡಿಸಿ ಶಾಖವನ್ನು ಗಾಳಿಗೆ ಬಿಡಲಾಗುತ್ತದೆ.

ಆದರೆ ಮಸೂರ ಸೂರ್ಯನಿಗೆ ಸದಾ ಎದುರಾಗಿಯೇ ಇರಬೇಕು. ಆಕಾಶದಲ್ಲಿ ಸೂರ್ಯ ನಾಲ್ಕು ನಿಮಿಷಕ್ಕೊಂದು ಡಿಗ್ರಿಯಷ್ಟು ಸರಿಯುತ್ತಾನೆ. ನೂರಾರು ಪಟ್ಟು ಕೇಂದ್ರೀಕರಿಸುವ ಇತ್ತೀಚಿನ ಯಂತ್ರಗಳಲ್ಲಿ ಆ ಒಂದು ಡಿಗ್ರಿ ತಪ್ಪಿದರೂ ಬೆಳಕಿನ ಚುಕ್ಕೆ ಕೋಶವನ್ನು ಬಿಟ್ಟು ಪಕ್ಕಕ್ಕೆ ಬೀಳುತ್ತದೆ. ಸೂರ್ಯನಿಗೆ ಎದುರಾಗಿರಲೆಂದೇ ಸೋಲೆರಾಸ್ ಕೇಂದ್ರದ 160 ಫಲಕಸಮೂಹಗಳೂ ಪೂರ್ವ-ಪಶ್ಚಿಮವಾಗಿಯೂ ಮೇಲೆ-ಕೆಳಗಾಗಿಯೂ ತಿರುಗಿ ಸೂರ್ಯನನ್ನು ಹಿಂಬಾಲಿಸುತ್ತಿದ್ದವು. ಇನ್ನೊಂದು ತೊಡಕು ಇದಕ್ಕಿಂತ ಹಟಮಾರಿಯಾದುದು. ನೇರವಾಗಿ ಬರುವ ಕಿರಣವನ್ನು ಮಾತ್ರ ಮಸೂರ ಒಟ್ಟುಗೂಡಿಸಬಲ್ಲುದು. ಮೋಡ, ಮಂಜು, ದೂಳುಗಳಿಂದ ಚದುರಿ ನಾನಾ ದಿಕ್ಕಿನಿಂದ ಬರುವ ಬೆಳಕು ಅದರ ಪಾಲಿಗೆ ವ್ಯರ್ಥ. ಮೋಡವಿಲ್ಲದ ಮರುಭೂಮಿಯನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ, ಆದರೆ ಅದೇ ಮರುಭೂಮಿ ದೂಳನ್ನೂ ಎಬ್ಬಿಸುತ್ತದೆ, ಅದನ್ನು ತೊಳೆಯಲು ಬೇಕಾದ ನೀರನ್ನು ಮಾತ್ರ ಕೊಡುವುದಿಲ್ಲ. ಸಾಮಾನ್ಯ ಫಲಕವು ಮಸುಕು ಬೆಳಕಿನಲ್ಲೂ ಅಷ್ಟಿಷ್ಟು ದುಡಿಯುತ್ತದೆ. ಮಸೂರದ ಯಂತ್ರ ಅಂಥ ದಿನ ಹೆಚ್ಚುಕಡಿಮೆ ಸುಮ್ಮನೆ ನಿಂತುಬಿಡುತ್ತದೆ.

ಇದೇ ತತ್ತ್ವದ ದೊಡ್ಡ ಸ್ಥಾವರಗಳು 2012ರ ಆಸುಪಾಸಿನಲ್ಲಿ ಚೀನಾದ ಗೋಲ್ಮುಡ್ ಬಳಿಯ ಮರುಭೂಮಿಯಲ್ಲಿಯೂ ಅಮೆರಿಕದ ಕೊಲೊರಾಡೊದ ಅಲಮೋಸಾದಲ್ಲಿಯೂ ತಲೆಯೆತ್ತಿದವು. ದಕ್ಷಿಣ ಆಫ್ರಿಕಾದ ಟೌವ್ಸ್‌ರಿವಿಯರ್‌ನಲ್ಲಿ 44 ಮೆಗಾವಾಟ್‌ನ ಸ್ಥಾವರ 2014ರಲ್ಲಿ ಸಿದ್ಧವಾಯಿತು. ಬೆಳಕಿನ ಬೇರೆಬೇರೆ ಬಣ್ಣಗಳನ್ನು ಹೀರುವ ಹಲವು ಪದರಗಳ ಕೋಶವೊಂದು ಅದೇ ವರ್ಷ ಪ್ರಯೋಗಾಲಯದಲ್ಲಿ ಶೇ 46ರಷ್ಟು ಬೆಳಕನ್ನು ವಿದ್ಯುತ್ತಾಗಿಸಿ ದಾಖಲೆ ಬರೆಯಿತು. ವಿಪರ್ಯಾಸವೆಂದರೆ, ಆ ಕೋಶದ ರಚನೆಯಲ್ಲಿ ಪಾಲುಗೊಂಡಿದ್ದ, ಟೌವ್ಸ್‌ರಿವಿಯರ್‌ಗೆ ಯಂತ್ರ ಒದಗಿಸಿದ್ದ ಫ್ರಾನ್ಸಿನ ಸೊಯ್ಟೆಕ್ ಕಂಪನಿ 2015ರ ಜನವರಿಯಲ್ಲಿ ಸೌರ ವ್ಯವಹಾರದಿಂದಲೇ ಹಿಂದೆ ಸರಿಯುವುದಾಗಿ ಘೋಷಿಸಿತು. ಯಂತ್ರ ಕೆಟ್ಟು ಸೋತದ್ದಲ್ಲ ಇದು. ದುಬಾರಿ ಸಿಲಿಕಾನನ್ನು ಉಳಿಸುವುದೇ ಮಸೂರದ ಕಸುಬಾಗಿತ್ತು. ಸಿಲಿಕಾನೇ ಅಗ್ಗವಾದ ಮೇಲೆ ಮಸೂರವೂ ಅದನ್ನು ತಿರುಗಿಸುವ ಮೋಟಾರುಗಳೂ ಬರೀ ಖರ್ಚಿನ ಬಾಬತ್ತಾದವು. ಸೌದಿಯೇ ಸಕಾಕಾದಲ್ಲಿ 300 ಮೆಗಾವಾಟ್‌ನ ಸ್ಥಾವರ ಕಟ್ಟಿಸುವಾಗ ಚಪ್ಪಟೆ ಫಲಕಗಳನ್ನೇ ಆರಿಸಿಕೊಂಡಿತು. ದೂಳಿನ ಕಾಟ ಮಾತ್ರ ಅವಕ್ಕೂ ತಪ್ಪಿಲ್ಲ. ಇಂದಿನ ಹಲವು ಮರುಭೂಮಿ ಸ್ಥಾವರಗಳಲ್ಲಿ ನೀರಿಲ್ಲದೆ ಒರೆಸುವ ಬ್ರಷ್ಷಿನ ಯಂತ್ರಗಳು ಫಲಕದ ಸಾಲುಗಳ ಮೇಲೆ ಓಡಾಡುತ್ತವೆ.